ಬಳೆಗಾರ್ತಿಯ ಎಡಗಾಲು

ಶಹಾಪುರದ ಹಳೇ ಬಜಾರಿನಲ್ಲಿ ಖುರ್ಷೀದಬೇಗಂಳ ಬಳೆ ಅಂಗಡಿ ಗೊತ್ತಿಲ್ಲದ ಹೆಂಗಸರಿಲ್ಲ. ಎದುರಿಗೆ ಕೂತವಳ ಬೆರಳು ಹಿಡಿದು, ಗಿಣ್ಣುಗಳನ್ನು ಮೆತ್ತಗೆ ಒತ್ತಿ ಮಡಚುತ್ತ, ತವರಿನ ಸುದ್ದಿ ಕೇಳುತ್ತ ಕೇಳುತ್ತಲೇ ಎರಡೂ ಕೈ ತುಂಬ ಬಳೆ ಇಟ್ಟುಬಿಡುತ್ತಿದ್ದಳು. ಮದುಮಗಳು ಹಾ ಅನ್ನುವುದರೊಳಗೆ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ಅಂಥ ಕೈ ಅದು.

ಮೈ ಮಾತ್ರ ವರ್ಷದಿಂದ ವರ್ಷಕ್ಕೆ ಭಾರವಾಗುತ್ತ ಬಂದಿತ್ತು. ಮಗ ಮುಜಫರ ಹುಟ್ಟಿದಾಗ ಬಂದ ಮೈ ಇಳಿಯಲಿಲ್ಲ. ಗಂಡ ಇನಾಯತ ತೀರಿಕೊಂಡ ಮೇಲೆ ಅಂಗಡಿ ಇವಳ ಪಾಲಿಗೆ ಬಂತು. ಬೆಳಿಗ್ಗೆ ದಿಂಬಿಗೆ ಒರಗಿ ಕೂತಳೆಂದರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಬಂದ ಗಿರಾಕಿ ಜೊತೆಗೊಂದು ಸಕ್ಕರೆ ಚಹಾ, ಸಂಜೆಗೆ ಮಿರ್ಚಿ ಭಜಿ. ಮದುವೆಮನೆಯಲ್ಲಿ ಕುರ್ಚಿ ಕಿರುಗುಟ್ಟಿದರೆ ನೆಂಟರು ನಗುವ ಮೊದಲೇ ತಾನೇ ನಗುತ್ತಿದ್ದಳು. ಒಮ್ಮೆ ಓಣಿಯಲ್ಲಿ ಆರೋಗ್ಯ ಶಿಬಿರ ಹಾಕಿದ್ದರು. ಟೆಂಟಿನ ಬಾಗಿಲಲ್ಲೇ ತೂಕದ ಯಂತ್ರ ಕಂಡು, ‘ಅಂಗಡಿ ತೆರೆದಿಟ್ಟು ಬಂದೀನಿ’ ಎಂದು ಹಿಂದಿರುಗಿದ್ದಳು.

ಮುಜಫರ ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವನ ಹೆಂಡತಿ ನುಜ್ಹತಳನ್ನು ಖುರ್ಷೀದಬೇಗಂ ಅಂಗಡಿಯ ಗದ್ದಿಗೆಗೆ ಹತ್ತಿಸಿದವಳಲ್ಲ. ಮದುವೆಯಾದ ಹೊಸತರಲ್ಲಿ ರಂಜಾನ್ ಗಿರಾಕಿಗಳ ಮುಂದೆ ಹುಡುಗಿ ಬಳೆಗಳನ್ನು ಪಟಪಟನೆ ಒಡೆದಿದ್ದಳು. ಅತ್ತೆಯ ಲೆಕ್ಕದಲ್ಲಿ ಅವಳದು ಕಟ್ಟಿಗೆಯಂಥ ಕೈ.

ಹೋದ ಚಳಿಗಾಲ ಹೈದರಾಬಾದಿನಲ್ಲಿ ತಂಗಿಯ ಮಗಳ ಮದುವೆ. ಮದುವೆ ಮುಗಿಸಿ ಬರುವಾಗ ಖುರ್ಷೀದಬೇಗಂ ಹಗಲೆಲ್ಲ ಬಸ್ಸಿನ ಕಿಟಕಿ ಪಕ್ಕ ಒತ್ತಿಕೊಂಡು ಕೂತಳು. ಬಸ್ಸು ನಿಂತಲ್ಲಿ ಎಲ್ಲರೂ ಇಳಿದರು, ಇವಳು ಇಳಿಯಲಿಲ್ಲ. ಮೆಟ್ಟಿಲು ಹತ್ತುವಾಗ ಹಿಂದೆ ನಿಂತವರು ನಿಟ್ಟುಸಿರು ಬಿಡುವುದು ಅವಳಿಗೆ ಗೊತ್ತಿತ್ತು. ಇಳಿಯುವ ಪ್ರಸಂಗವೇ ಬರದಿರಲೆಂದು ನೀರನ್ನೂ ಕುಡಿಯಲಿಲ್ಲ.

ಊರಿಗೆ ಬಂದು ಒಂದೆರಡು ದಿನಕ್ಕೆ ಎಡಗಾಲಿನ ಮೀನಖಂಡ ಬಾತುಕೊಂಡಿತು. ಮುಟ್ಟಿದರೆ ಬಿಸಿ, ಊರಿದರೆ ನೋವು. ಪಕ್ಕದಲ್ಲಿ ಹೂ ಮಾರುವ ಸುಂದ್ರಮ್ಮ ಬಗ್ಗಿ ನೋಡಿದಳು.

“ಬೇಗಮ್ಮಾ, ಒಂದ ಕಾಲು ಬಾತಾದ, ಇನ್ನೊಂದು ಇದ್ದಂಗೇ ಅದ. ಇದು ಸುಮ್ನ ಅಲ್ಲ, ದವಾಖಾನಿಗಿ ತೋರ್ಸು.”

“ನನ್ನ ಭಾರ ಹೊತ್ತು ಹೊತ್ತು ಅದಕ್ಕೂ ಸಾಕಾಗ್ಯಾದ ಬಿಡವ್ವಾ. ದವಾಖಾನಿಗಿ ಹೋದ್ರ ಮೊದ್ಲ ತೂಕದ ಕಾಟಾದ ಮ್ಯಾಲ ನಿಂದ್ರಸ್ತಾರ.”

ಓಣಿಯ ಮಲ್ಲಾಬಾಯಿ ಬಾಣಂತಿಯರಿಗೆ ಎಣ್ಣೆ ತಿಕ್ಕುವವಳು. ಅವಳನ್ನು ಕರೆಸಿ, ಬಿಸಿ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಂಡಳು. ಮರುದಿನ ಅಂಗಡಿ ತೆರೆದು, ಮೊಳೆಗೆ ತೂಗುಹಾಕಿದ ಬಳೆ ಸರಕ್ಕೆ ಕೈ ಚಾಚಿದಳು. ಎದೆಯಲ್ಲಿ ಚೂರಿ ಇರಿದಂತಾಯಿತು. ಉಸಿರು ಒಳಗೂ ಹೋಗದು, ಹೊರಗೂ ಬಾರದು. ಸರ ಹಿಡಿದುಕೊಂಡೇ ಕುಸಿದಳು.

ಗಾಜು ಚೆಲ್ಲಿದ ಸದ್ದಿಗೆ ಸುಂದ್ರಮ್ಮ ಓಡಿಬಂದಳು, ಒಳಮನೆಯಿಂದ ನುಜ್ಹತ ಬರಿಗಾಲಲ್ಲಿ ಬಂದಳು. ಇಬ್ಬರೂ ಸೇರಿ ಅವಳನ್ನು ಆಟೋಕ್ಕೆ ಹತ್ತಿಸಿದರು. ಊರಿನ ಆಸ್ಪತ್ರೆಯವರು ಆಮ್ಲಜನಕ ಹಚ್ಚಿ ಯಾದಗಿರಿಗೆ ಕಳಿಸಿದರು. ದಾರಿಯುದ್ದಕ್ಕೂ ಸೊಸೆ ಅತ್ತೆಯ ಕೈ ಬಿಡಲಿಲ್ಲ.

ಯಾದಗಿರಿಯಲ್ಲಿ ನೋಡಿದವರು ಡಾಕ್ಟರ್ ಸಂಘಮಿತ್ರಾ. ಕಾಲಿಗೆ ಸ್ಕ್ಯಾನ್ ಮಾಡಿಸಿ, ರಕ್ತ ತೆಳುವಾಗಿಸುವ ಸೂಜಿ ಹೊಟ್ಟೆಗೆ ಕೊಡಿಸಿ, ಉಸಿರು ಹದಕ್ಕೆ ಬಂದ ಮೇಲೆ ಪರದೆ ಎಳೆದು ತೂಕ ನೋಡಿದರು. ಅಂಕಿಯನ್ನು ಬರೆದುಕೊಂಡರೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಆಮೇಲೆ ಹಾಸಿಗೆಯ ಅಂಚಿಗೆ ಕೂತರು.

“ಅಮ್ಮಾ, ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟಿತ್ತು. ಅದರ ತುಣುಕು ಕಿತ್ತು ಶ್ವಾಸಕೋಶಕ್ಕ ಹೋಗ್ಯಾದ. ಅಂಥಾ ಕಾಲು ತಿಕ್ಕಬಾರದಿತ್ತು.”

“ಭಾಳ ತಿಂತೀನಿ ಅಂತ ಎಲ್ಲಾರೂ ಅಂತಾರ್ರಿ ಬಾಯಾರ. ನನ್ನ ತಪ್ಪೇ ಏನ್ರಿ ಇದು?”

“ತಪ್ಪಿನ ಮಾತು ಬ್ಯಾಡ. ಮೈಯಾಗ ಕೊಬ್ಬು ಏರಿದ್ರ ರಕ್ತದಾಗೂ ಏರ್ತದ, ರಕ್ತ ಲಗೂನ ಹೆಪ್ಪುಗಟ್ಟತದ. ಮ್ಯಾಲ ನೀವು ಹಗಲೆಲ್ಲ ಕೂತೇ ಬಂದೀರಿ. ನಿಮ್ಮ ತಂದಿಯೋರು ಎದಿನೋವಿಂದ ಹೋದ್ರು ಅಂದ್ರಲ್ಲ, ಅದೂ ಕೂಡತದ. ಕಾಲಾಗ ಆದದ್ದು ಹ್ಯಾಂಗೋ ಸರಿಮಾಡ್ತೀವಿ. ನಾಳೆ ಹೃದಯದ ನಾಳ ಕಟ್ಟಬಾರದು, ಅದೇ ನನ್ನ ಕಾಳಜಿ.”

ತಪ್ಪಿನ ಮಾತು ಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಖುರ್ಷೀದಬೇಗಂ ಗೋಡೆ ಕಡೆ ಹೊರಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ರಕ್ತದ ಕೊಬ್ಬಿಗೊಂದು ಗುಳಿಗೆ, ಹೆಪ್ಪುಗಟ್ಟದ ಹಾಗೆ ಇನ್ನೊಂದು ಗುಳಿಗೆ ಬರೆದುಕೊಟ್ಟು ಮನೆಗೆ ಕಳಿಸಿದರು. ತಿಂಗಳೊಪ್ಪತ್ತಿನಲ್ಲಿ ಅವಳು ಮತ್ತೆ ಅಂಗಡಿಯಲ್ಲಿ ಕೂತಳು. ಒಂದು ದಿನ ಗಿರಾಕಿ ಹುಡುಗಿ ನೋವಿಗೆ ಕೈ ಎಳೆದುಕೊಂಡಳು, ಬಳೆ ಚಟ್ಟನೆ ಒಡೆದು ಚೂರು ಖುರ್ಷೀದಬೇಗಂಳ ಅಂಗೈಗೆ ಹೊಕ್ಕಿತು. ಇಂಥ ಗಾಯ ಅವಳಿಗೆ ದಿನದ ಮಾತು. ಬೆರಳು ಚೀಪಿ ಮರೆಯುವಂಥದು. ಆದರೆ ಈ ಸಲ ರಕ್ತ ನಿಲ್ಲಲೇ ಇಲ್ಲ. ಒತ್ತಿಹಿಡಿದ ಬಟ್ಟೆ ತೊಯ್ದು ಕೆಂಪಾಯಿತು. ಹುಡುಗಿ ಹೆದರಿ ಅಳತೊಡಗಿದಳು. ನಿಲ್ಲುವಷ್ಟರಲ್ಲಿ ಖುರ್ಷೀದಬೇಗಂಳ ಮುಖ ಬಿಳಿಚಿಕೊಂಡಿತ್ತು.

ಮರುದಿನದಿಂದ ಹೆಪ್ಪುಗಟ್ಟದ ಹಾಗೆ ಕೊಟ್ಟ ಗುಳಿಗೆ ನುಂಗುವುದನ್ನು ಬಿಟ್ಟಳು. ಯಾರಿಗೂ ಹೇಳಲಿಲ್ಲ. ಗಾಜಿನೊಳಗೆ ಕೈಯಾಡಿಸುವವಳಿಗೆ ರಕ್ತ ನಿಲ್ಲದ ಔಷಧಿ ಯಾತಕ್ಕೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದಳು. ಗುಳಿಗೆ ಕಡಿಮೆಯಾಗದ್ದು ನುಜ್ಹತಳ ಕಣ್ಣಿಗೆ ಬಿತ್ತು. ಮನೆಯಲ್ಲಿ ಆಡುವುದು ದಖನಿ ಉರ್ದು, ಅತ್ತೆಗೆ ಎದುರಾಡಿ ಗೊತ್ತಿಲ್ಲದ ಸೊಸೆ.

“ಕೈಕು ಛೋಡ್ ದಿಯೇ ಅಮ್ಮೀ?” ಯಾಕೆ ಬಿಟ್ಟಿರಿ ಎಂದು ಕೇಳಿಯೇಬಿಟ್ಟಳು. ಖುರ್ಷೀದಬೇಗಂ ಗಾಯದ ಅಂಗೈ ಚಾಚಿ ತೋರಿಸಿದಳು. ಆ ಕೈಯನ್ನು ನುಜ್ಹತ ತನ್ನ ಎರಡೂ ಕೈಯಲ್ಲಿ ಹಿಡಿದಳು. ಇನ್ನು ಮೇಲೆ ಗಾಜು ನಾನು ಹಿಡಿಯುತ್ತೇನೆ, ನೀವು ಗುಳಿಗೆ ನುಂಗಿರಿ ಎಂದಳು. ಎಂದವಳೇ ಮುಜಫರನಿಗೆ ಫೋನು ಹಚ್ಚಿ, ಅವನಿಂದ ಡಾಕ್ಟರರನ್ನೂ ಕೇಳಿಸಿದಳು. ಅವರು ಕೇಳಿ ಗಾಬರಿಯಾದರು. ಕೈ ಕೊಯ್ದ್ರ ಒತ್ತಿ ಹಿಡಿದು ದವಾಖಾನಿಗಿ ಬರ್ರಿ, ಗುಳಿಗಿ ಮಾತ್ರ ನಿಮ್ಮಷ್ಟಕ್ಕ ನೀವು ಬಿಡಬ್ಯಾಡ್ರಿ ಎಂದರು.

ಹೀಗೆ ನುಜ್ಹತ ಗದ್ದಿಗೆ ಹತ್ತಿದಳು. ಪಕ್ಕದ ಕುರ್ಚಿಯಲ್ಲಿ ಅತ್ತೆ. ಮೊದಮೊದಲು ಬಳೆ ಒಡೆದದ್ದೇ ಹೆಚ್ಚು, ಗಿರಾಕಿಗಳು ಮುಖ ಕಿವುಚುತ್ತಿದ್ದರು. ಹೆಬ್ಬೆರಳು ಒಳಗೆ ಮಡಚು, ಬಳೆ ದೂಡಬೇಡ, ಕೈ ತಾನೇ ಬರಲಿ ಎಂದು ಖುರ್ಷೀದಬೇಗಂ ಬಾಯಿಮಾತಿನಲ್ಲೇ ಕಲಿಸಿದಳು. ಎದ್ದು ಕೈಯಾಡಿಸಲು ಜೀವ ತುಡಿಯುತ್ತಿತ್ತು, ತಡೆದುಕೊಳ್ಳುತ್ತಿದ್ದಳು.

ಕೂತಲ್ಲೇ ಕೂರಬಾರದೆಂದು ಡಾಕ್ಟರರ ಅಪ್ಪಣೆ. ಬೆಳಿಗ್ಗೆ ಸುಂದ್ರಮ್ಮನ ಜೊತೆ ಕೆರೆಯ ಕಡೆ ಹೊರಟಳು. ಮೊದಲ ದಿನ ಓಣಿ ದಾಟುವಷ್ಟರಲ್ಲಿ ಏದುಸಿರು ಬಂತು. ಚಹಾದಂಗಡಿ ಮುಂದೆ ಕೂತವರು ತಿರುಗಿ ನೋಡಿದರು.

“ಹಿಂದಕ ಹೋಗಮು ನಡಿ, ಮಂದಿ ನೋಡಾಕತ್ತಾರ.”

“ನೋಡ್ಲಿ ಬಿಡು. ನಾಳೆ ನೋಡಿ ನೋಡಿ ಅವ್ರಿಗೇ ಬ್ಯಾಸರ ಬರ್ತದ,” ಎಂದು ಸುಂದ್ರಮ್ಮ ರಟ್ಟೆ ಹಿಡಿದು ನಡೆಸಿದಳು.

ಮಳೆಗಾಲದ ಹೊತ್ತಿಗೆ ಕೆರೆದಂಡೆ ಮುಟ್ಟಿ ಬರುವಷ್ಟಾಯಿತು. ಚಹಾಕ್ಕೆ ಸಕ್ಕರೆ ಬಿಟ್ಟಳು, ಭಜಿ ಮಾತ್ರ ಪೂರ್ತಿ ಬಿಡಲಾಗಲಿಲ್ಲ. ಮತ್ತೆ ರಕ್ತ ತಪಾಸಣೆ ಮಾಡಿಸಿದಾಗ ಕೊಬ್ಬು ಇಳಿದಿತ್ತು, ಆದರೆ ಬೇಕಾದಷ್ಟಲ್ಲ. ತೂಕ ತುಸುವೇ ಕಡಿಮೆಯಾಗಿತ್ತು. ಡಾಕ್ಟರ್ ಹೆಪ್ಪಿನ ಗುಳಿಗೆ ನಿಲ್ಲಿಸಿದರು. ಕೊಬ್ಬಿನದು ನಡೆಯಲಿ ಎಂದರು. ಸಂಜೆಯಾದರೆ ಎಡಗಾಲು ಈಗಲೂ ತುಸು ಊದುತ್ತದೆ, ಬಿಗಿಯಾದ ಕಾಲುಚೀಲ ಹಾಕಿಕೊಳ್ಳುತ್ತಾಳೆ.

ಗುಳಿಗೆ ನಿಂತ ವಾರವೇ ಖುರ್ಷೀದಬೇಗಂ ಉತ್ಸಾಹದಿಂದ ಗದ್ದಿಗೆಗೆ ಮರಳಿದಳು. ಸುರಪುರದಿಂದ ಬಂದ ಮೋನಮ್ಮ ಎಂಬ ಹಳೇ ಗಿರಾಕಿ, ಮಗಳ ಕುಬಸಕ್ಕೆ ಹಸಿರು ಬಳೆ ಬೇಕೆಂದಳು. ಬಸುರಿ ಹುಡುಗಿ ಮಾತ್ರ ನುಜ್ಹತಳತ್ತ ಕೈ ಚಾಚಿದಳು.

“ಈ ಅಕ್ಕಾನೇ ಇಡ್ಲಿ. ಹೋದ ಸಲ ನೋವೇ ಆಗ್ಲಿಲ್ಲ.”

ಖುರ್ಷೀದಬೇಗಂ ಹಸಿರು ಬಳೆಯ ಸರವನ್ನು ಸೊಸೆಯತ್ತ ಸರಿಸಿ, ಪಕ್ಕದ ಕುರ್ಚಿಗೆ ಹೋಗಿ ಕೂತಳು. ಸಂಜೆ ಅಂಗಡಿ ಕಟ್ಟುವಾಗ ಅತ್ತೆಯೇ ಸೊಸೆಯ ಕೈ ಹಿಡಿದು ಎಳೆದು ಕೂರಿಸಿಕೊಂಡಳು. ಹೆಬ್ಬೆರಳಿನ ಬುಡದಲ್ಲಿ ನೀನು ಇನ್ನೂ ಜೋರಾಗಿ ಒತ್ತುತ್ತೀ, ನೋಡು, ಇಲ್ಲಿ, ಹೀಗೆ ಎಂದು ತೋರಿಸಿದಳು. ನುಜ್ಹತ ಅತ್ತೆಯ ಕೈ ಹಿಡಿದು ಒತ್ತಿ ನೋಡಿದಳು. ಸರಿ ಬರಲಿಲ್ಲ. ಮತ್ತೆ ಒತ್ತಿದಳು.