ಮೈಗಳ್ಳ ನರಗಳ ಮೇಷ್ಟ್ರು

ಕುಮಾಸಿ ಪಟ್ಟಣದ ಆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೋಣೆ ಎಲ್ಲಿ ಎಂದು ಯಾರೂ ಕೇಳಬೇಕಾಗಿಲ್ಲ, ಅಲ್ಲಿನ ಥೆರಪಿಸ್ಟ್ ಫ್ರಿಂಪಾಂಗನ ದನಿ ಗೇಟಿನವರೆಗೂ ಕೇಳಿಸುತ್ತದೆ. ಬಂದವರ ವಾಚು, ಉಂಗುರ, ಮೊಬೈಲುಗಳನ್ನು ದೂರ ಇಡಿಸಿ, ನರಗಳನ್ನು ಎಚ್ಚರಿಸುವ ಯಂತ್ರದ ಅಯಸ್ಕಾಂತದ ಸುರುಳಿಯನ್ನು ಅವನು ಮೊದಲು ತನ್ನ ತೋಳಿಗೇ ಹಿಡಿಯುತ್ತಾನೆ. ಅದು ಟಕ್ ಟಕ್ ಎಂದಾಗಲೆಲ್ಲ ಅವನ ಕೈ ತಾನಾಗಿ ಎಗರುತ್ತದೆ. "ನೋಡಿ, ಸೂಜಿ ಇಲ್ಲ, ಚುಚ್ಚೋದಿಲ್ಲ, ಬಿಟ್ಟಿ ಡ್ಯಾನ್ಸು!" ಎಂದು ನಗಿಸುತ್ತಾನೆ. ಆಮೇಲೆ ರೋಗಿಯ ಸ್ನಾಯುವಿನ ಸರದಿ. ಅದನ್ನು ಮನೆಯಲ್ಲೇ ಠಿಕಾಣಿ ಹೂಡಿದ ಭಾವಮೈದುನನಂತೆ ಬೈಯುತ್ತಾನೆ: "ಏಳೋ ಮೈಗಳ್ಳ, ಫುಫು ಮುದ್ದೆ ತಿನ್ನೋಕೆ ಮಾತ್ರ ಮುಂದೆ ಬರ್ತೀಯಾ?" ಜಡೆ ಹೆಣೆಯುವ ಸೆರ್ವಾ ತೋಳು ಮುರಿದು, ನರಕ್ಕೆ ಪೆಟ್ಟಾಗಿ, ಮಣಿಕಟ್ಟು ಜೋತುಬಿದ್ದ ಬಲಗೈ ಹೊತ್ತು ಬಂದಾಗಲೂ ಇದೇ ಬೈಗುಳ. ಯಂತ್ರ ಟಕ್ ಎಂದರೆ ಅವಳ ಕೈ ಏಳುತ್ತಿತ್ತು, ನಿಂತರೆ ಬೀಳುತ್ತಿತ್ತು. ತಿಂಗಳುಗಳು ಹೀಗೇ ಕಳೆದವು. ಕೈ ಬಿದ್ದಷ್ಟೂ ಫ್ರಿಂಪಾಂಗನ ಮಾತು ಜೋರಾಗುತ್ತಿತ್ತು. ತಾನು ಸುಮ್ಮನಾದರೆ ಅವಳು ಆ ಕೈಯನ್ನೇ ನೋಡುತ್ತಾ ಅಳುತ್ತಾಳೆಂದು ಅವನಿಗೆ ಗೊತ್ತಿತ್ತು. ನಿನ್ನೆಯೂ ಯಂತ್ರ ಆರಿಸಿದವನೇ ತನ್ನ ಅತ್ತೆ ಸೀಯಿಸಿದ ಜೊಲೊಫ್ ಅನ್ನದ ಕಥೆಯನ್ನು ಮತ್ತೆ ಶುರುಮಾಡಿದ. "ಅಯ್ಯೋ, ಸಾಕು ನಿಲ್ಸಪ್ಪಾ ಮಾರಾಯ!" ಎಂದು ಸೆರ್ವಾ ನಗುತ್ತಾ ಅವನ ಮುಖದ ಮುಂದೆ ಅಂಗೈ ಎತ್ತಿ ಹಿಡಿದಳು. ಬಲಗೈಯನ್ನೇ. ಫ್ರಿಂಪಾಂಗ್ ತೆರೆದ ಬಾಯಿ ತೆರೆದಂತೆ ನಿಂತುಬಿಟ್ಟ, ಕಣ್ಣು ತುಂಬಿಬಂತು. "ಏನಪ್ಪಾ, ನಿಜವಾಗ್ಲೂ ನಿಲ್ಲಿಸಿಬಿಟ್ಯಾ?" ಎಂದು ಬೆರಗಾದ ಸೆರ್ವಾ, ಆಮೇಲೆ ತನ್ನ ಕೈ ನೋಡಿಕೊಂಡಳು.