ಕಾಲು ನೆಲಕ್ಕೆ ತಾಗುವಷ್ಟು

ಮೂಡುಬಿದಿರೆಯಲ್ಲಿ ಹೊಸದಾಗಿ ತೆರೆದಿರುವ ಸೈಕಲ್ ಅಂಗಡಿಯವರು ಕಳೆದ ವಾರ ನನ್ನ ಹಳೆಯ ಸೈಕಲಿನ ಸೀಟನ್ನು ಪೈಪು ಸಮೇತ ಹೊರಗೆಳೆದು ಕೈಗೆ ಕೊಟ್ಟರು. ಪೈಪಿನ ತುಂಬ ಗೀರುಗಳು. ತುಕ್ಕು, ಹಳೆಯ ಗ್ರೀಸು ಎರಡೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಇದನ್ನು ಇಷ್ಟು ಸಲ ಮೇಲೆ ಕೆಳಗೆ ಮಾಡಿದ್ದು ಯಾರು ಎಂದು ಅವರು ಕೇಳಿದರು. ಮೇಲೆ ಮಾಡಿದ್ದು ನಾನು, ಕೆಳಗೆ ಮಾಡಿದ್ದು ಬೆಳುವಾಯಿಯ ಕಾಕ. ಅಷ್ಟು ಹೇಳುವಷ್ಟರಲ್ಲಿ ಹಳೆಯ ಸಿಟ್ಟು ಹಾಗೇ ಮರಳಿ ಬಂತು.

ನಾನು ಗದಗದ ಕಡೆಯವಳು. ಶಿಕ್ಷಕಿಯಾಗಿ ನೇಮಕವಾಗಿ ಇಲ್ಲಿಗೆ ಬಂದಾಗ ಬೆಳುವಾಯಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದೆ. ಶಾಲೆ ಇದ್ದದ್ದು ಹೆದ್ದಾರಿ ಬಿಟ್ಟು ಒಳಗೆ, ಗದ್ದೆಗಳ ಆಚೆ. ಬೆಳಗಿನ ಬಸ್ಸು ತಪ್ಪಿದರೆ ನಡೆಯುವುದೇ ಗತಿ. ಆ ರಸ್ತೆಯ ಹೆಸರು ಹೇಳಿದರೆ ರಿಕ್ಷಾದವರು ಮುಖ ತಿರುಗಿಸುತ್ತಿದ್ದರು. ಹೀಗಾಗಿ, ಚಿಕ್ಕವಳಿದ್ದಾಗ ಒಮ್ಮೆಯೂ ಸೈಕಲ್ ಮುಟ್ಟದ ನಾನು ಮೂವತ್ತು ದಾಟಿದ ಮೇಲೆ ಹೊಸ ಲೇಡೀಸ್ ಸೈಕಲ್ ಕೊಂಡೆ. ಶಾಲೆಯ ಮೈದಾನದಲ್ಲಿ ಬಿದ್ದು ಎದ್ದು ಅಷ್ಟಿಷ್ಟು ಕಲಿತೆ. ಒಂದು ಸಲ ಮಾತ್ರ ಪೇಟೆಯಲ್ಲೇ ಬಿದ್ದೆ... ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆದಾಗ, ಕಾಕನ ಅಂಗಡಿಯ ಎದುರಿಗೇ.

ಕಾಕ ಎಂದರೆ ಪೇಟೆಯ ತುದಿಯಲ್ಲಿ ತಗಡಿನ ಮಾಡಿನ ಕೆಳಗೆ ಸೈಕಲ್ ರಿಪೇರಿ ಮಾಡುತ್ತಿದ್ದ ವಯಸ್ಸಾದ ಬ್ಯಾರಿ ಮುಸಲ್ಮಾನ. ಊರಿಗೆಲ್ಲ ಕಾಕ, ಆದ್ದರಿಂದ ನನಗೂ ಕಾಕ. ಹೊಸ ಸೈಕಲನ್ನು ಕೆಲವು ದಿನ ಓಡಿಸಿದ ಮೇಲೆ ಒಮ್ಮೆ ಎಲ್ಲವನ್ನೂ ಬಿಗಿ ಮಾಡಿಸಬೇಕೆಂದು ಮಾರಿದವರು ಹೇಳಿದ್ದರು. ಬಿದ್ದ ಮೇಲೆ ಹ್ಯಾಂಡಲ್ ಬೇರೆ ಒಂದು ಕಡೆಗೆ ತಿರುಗಿ ನಿಂತಿತ್ತು. ಬಿದ್ದ ಮಾರನೇ ದಿನ ಅಂಗಡಿಗೆ ತಳ್ಳಿಕೊಂಡು ಹೋದರೆ ಬಾಗಿಲು ಹಾಕಿತ್ತು. ಶುಕ್ರವಾರ, ಜುಮ್ಮಾ ನಮಾಜಿನ ಹೊತ್ತು. ಮರುದಿನ ಹೋದರೆ ಸರಕಾರ ಶಾಲೆಯ ಮಕ್ಕಳಿಗೆ ಕೊಟ್ಟ ಸೈಕಲುಗಳು ಸಾಲಾಗಿ ನಿಂತಿದ್ದವು. ಮಕ್ಕಳು ಮನೆಗೆ ಹೋಗಬೇಕಲ್ಲ, ಮೊದಲು ಅವರದ್ದು ಎಂದರು ಕಾಕ. ನನ್ನದು ಯಾವಾಗ ಎಂದರೆ, "ಮಾಡುವ ಟೀಚರ್, ಮಾಡುವ." ಈ 'ಮಾಡುವ' ಕೇಳಿ ಕೇಳಿ ತಲೆ ಕೆಟ್ಟುಹೋಗುತ್ತಿತ್ತು. ನಮ್ಮೂರಲ್ಲಾದರೆ ಆಗುತ್ತದೆ, ಆಗುವುದಿಲ್ಲ ಎಂದು ಮುಖದ ಮೇಲೆ ಹೇಳುತ್ತಾರೆ.

ಕೊನೆಗೆ ಸೈಕಲ್ ಸಿಕ್ಕಿತು. ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತು, ಹ್ಯಾಂಡಲ್ ನೆಟ್ಟಗಾಗಿತ್ತು, ಚೈನಿನ ಸದ್ದಿಲ್ಲ. ಹತ್ತಿ ಕೂತೆ ನೋಡಿ, ಸೀಟು ಪಾತಾಳಕ್ಕೆ ಇಳಿದಿತ್ತು. ತುಳಿದರೆ ಮೊಣಕಾಲು ಹ್ಯಾಂಡಲಿಗೆ ತಾಗುತ್ತಿತ್ತು. ಶಾಲೆಯ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಅದೇ ದಿನ ಸ್ಪಾನರ್ ತಂದು ಸೀಟು ಏರಿಸಿದೆ. ಮುಂದಿನ ಸಲ ಸರ್ವಿಸಿಗೆ ಕೊಟ್ಟಾಗ ಕಾಕ ಅದನ್ನು ಮತ್ತೆ ಇಳಿಸಿದರು. ನಾನು ಏರಿಸಿದೆ, ಅವರು ಇಳಿಸಿದರು. ಪಂಕ್ಚರ್ ಹಾಕಿಸಲು ಹೋದರೂ ಇಳಿದ ಸೀಟಿನೊಂದಿಗೇ ಬರಬೇಕು! ಮೊಣಕಾಲು ನೋಯತೊಡಗಿತು. ಸೀಟು ಸೊಂಟದ ಮಟ್ಟಕ್ಕೆ ಇರಬೇಕೆಂದು ನಮ್ಮ ಪಿ.ಟಿ. ಮೇಷ್ಟ್ರು ಹೇಳಿದ್ದನ್ನು ಅವರಿಗೆ ವಿವರಿಸಿದೆ. ಕಾಕ ಪೂರ್ತಿ ಕೇಳಿದರು, ಪಕ್ಕದ ಹೋಟೆಲಿನಿಂದ ಚಾ ತರಿಸಿ ಕೊಟ್ಟರು, ನಾನು ಚಾ ಕುಡಿಯುತ್ತಿರುವಾಗಲೇ ಸೀಟು ಇಳಿಸಿದರು.

ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಹೋಗಲಿಲ್ಲ. ನಾನು ಬಿದ್ದದ್ದನ್ನು ನೋಡಿದವರು ಅವರು. ಈಗ ಕಲಿತಿದ್ದೇನೆ ಎಂಬುದೂ ಅವರ ಬಾಯಿಂದಲೇ ಬರಬೇಕೆಂಬ ಹಟ ನನಗೆ.

ಒಂದು ಭಾನುವಾರ ಸೀಟನ್ನು ನನಗೆ ಬೇಕಾದಷ್ಟು ಏರಿಸಿ, ಹೆದ್ದಾರಿಯಲ್ಲೇ ಮೂಡುಬಿದಿರೆಗೆ ಹೊರಟೆ. ಬಸ್ಸು, ಲಾರಿ ಎಲ್ಲವೂ ಮೈ ಸವರಿಕೊಂಡು ಹೋದವು. ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿಸಿ ಬಂದು, ಕಾಕನ ಎದುರು ಬ್ರೇಕ್ ಹಿಡಿದು, ಒಂದು ಕಾಲಿನ ತುದಿಬೆರಳ ಮೇಲೆ ನಿಂತೆ. ಬೆವರು ಸುರಿಯುತ್ತಿತ್ತು. ಹೋಗಿಬಂದದ್ದನ್ನು ಹೇಳಿದೆ. 'ಕಲಿತಿರಿ ಟೀಚರ್' ಎಂದು ಅವರು ಇಷ್ಟು ಹೇಳಿದ್ದರೆ ಸಾಕಿತ್ತು. ಕಾಕ ನನ್ನ ಮುಖವನ್ನೂ ನೋಡಲಿಲ್ಲ. ಆ ತುದಿಬೆರಳನ್ನೇ ನೋಡಿದರು, ಒಳಗೆ ಹೋಗಿ ಸ್ಪಾನರ್ ತಂದರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಕಾಕಾ, ಸೈಕಲ್ ನಂದೈತಿ, ಕಾಲೂ ನನ್ನವ. ನಿಮಗೇನ್ರೀ ತ್ರಾಸು?"

ಅವರು ಸ್ಪಾನರನ್ನು ಕೈಯಲ್ಲೇ ತಿರುಗಿಸುತ್ತ ನಿಂತರು. "ಆವತ್ತು ನೀವು ಬಿದ್ದಾಗ ಬಸ್ಸು ಎಷ್ಟು ಹತ್ತಿರ ಇತ್ತು ಗೊತ್ತುಂಟಾ? ನೀವು ಕಣ್ಣು ಮುಚ್ಚಿದ್ರಿ ಟೀಚರ್. ನಾನು ನೋಡ್ತಾ ಇದ್ದೆ. ಕಾಲು ನೆಲಕ್ಕೆ ತಾಗಿದ್ರೆ ಒಂದು ಧೈರ್ಯ."

"ಧೈರ್ಯ ಯಾರಿಗೆ?"

"ನನಗೇ," ಎಂದರು.

ಸೀಟು ಇಳಿಸಿಕೊಂಡು ಬಂದೆ. ಮನೆಗೆ ಬಂದು ಮತ್ತೆ ಏರಿಸಿದೆ.

ಆಮೇಲೆ ಮೂಡುಬಿದಿರೆಯ ಶಾಲೆಗೆ ವರ್ಗವಾಯಿತು. ಮನೆಯಿಂದ ಶಾಲೆಗೆ ನಡೆದೇ ಹೋಗಬಹುದಿತ್ತು, ಸೈಕಲ್ ಮೆಟ್ಟಿಲ ಕೆಳಗೆ ಸೇರಿತು. ಒಂದು ದಿನ ಬೆಳುವಾಯಿಗೆ ಹೋಗಿ 'ಕಲಿತಿರಿ' ಎಂಬ ಆ ಮಾತನ್ನು ಹೇಳಿಸಿಕೊಂಡೇ ಬರಬೇಕು ಅಂದುಕೊಳ್ಳುತ್ತಿದ್ದೆ, ಈ ರಜೆ, ಮುಂದಿನ ರಜೆ... ಅಷ್ಟರಲ್ಲಿ ಹೆದ್ದಾರಿ ಅಗಲವಾಯಿತು, ಅಂಗಡಿಗಳ ಸಾಲು ಹೋಯಿತು. ಕಾಕ ಉಳ್ಳಾಲದ ಕಡೆ ಮಗಳ ಮನೆಯಲ್ಲಿ ತೀರಿಕೊಂಡರೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ತರಕಾರಿ ಚೀಲ ಹಿಡಿದು ಅಲ್ಲೇ ನಿಂತೆ. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಆ ಮಾತು ಹೇಳದೆಯೇ ಹೋದರಲ್ಲ ಎಂದು.

ಹೊಸ ಅಂಗಡಿಯವರು ಪೈಪಿಗೆ ಮರಳುಕಾಗದ ಉಜ್ಜಿ, ಗ್ರೀಸು ಹಚ್ಚಿ, "ಎಷ್ಟು ಎತ್ತರ ಬೇಕು ಮೇಡಂ?" ಎಂದು ಕೇಳಿದರು. ಕಾಕ ಒಂದು ಸಲವಾದರೂ ಹೀಗೆ ಕೇಳಿದ್ದರೆ! ನನಗೆ ಬೇಕಾದ ಎತ್ತರ ಹೇಳಿದೆ. ಮರುಮಾತಿಲ್ಲದೆ ಕೂರಿಸಿ ಕೊಟ್ಟರು.

ಅಲ್ಲಿಂದ ನೇರ ಬೆಳುವಾಯಿಗೆ ತುಳಿದೆ. ಅಂಗಡಿ ಇದ್ದ ಜಾಗ ಇದೇ ಇರಬೇಕು ಎಂದು ಅಂದಾಜು ಮಾಡಿ ಬ್ರೇಕ್ ಹಿಡಿದೆ. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆದ. ಥಟ್ಟನೆ ಚಾಚಿದ ಕಾಲು ನೆಲಕ್ಕೆ ತಾಗಲಿಲ್ಲ. ಸೈಕಲ್ ವಾಲಿತು, ಹೇಗೋ ಹಾರಿ ಇಳಿದು ನಿಂತೆ.

ಬೀಳಲಿಲ್ಲ ಕಾಕಾ... ಕಣ್ಣೂ ಮುಚ್ಚಲಿಲ್ಲ. ನೋಡಲು ಅಲ್ಲಿ ಯಾರೂ ಇರಲಿಲ್ಲ.