ಚುಕ್ಕಿ ಅಕ್ಕ ಓದಿದ ಆದೇಶ

ಸರ್ಕಾರಿ ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ ಎದುರುಬದುರಾಗಿ ಎರಡು ಕುರ್ಚಿ. ಒಂದರಲ್ಲಿ ಕೂತವರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಂದರಲ್ಲಿ ಕೂತವರು ಅಚ್ಚಿನ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ತಿದ್ದಬೇಕು. ಓದುವ ಕುರ್ಚಿ ಅವಳದು. ಬರೀ ಪದ ಓದಿದರೆ ಸಾಲದು. ಕಾಮಾ ಬಂದರೆ ‘ಕಾಮಾ’, ವಾಕ್ಯ ಮುಗಿದರೆ ‘ಚುಕ್ಕಿ’, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಹೀಗಾಗಿ ಇಡೀ ಪ್ರೆಸ್ಸಿಗೆ ಅವಳು ಚುಕ್ಕಿ ಅಕ್ಕ. ಮನೆಯಲ್ಲೂ ಅದೇ ಚಾಳಿ. ದರ್ಜಿ ಗಂಡ ಗಿರಾಕಿಗಳ ಪುರಾಣ ಬಿಚ್ಚಿದರೆ, “ಸಾಕು, ಚುಕ್ಕಿ ಇಡ್ರಿ” ಎನ್ನುವಳು. “ನಾನು ಇಡ್ತೀನಿ ಮಾರಾಯ್ತಿ, ಆಮೇಲೆ ಹೊಸ ಪ್ಯಾರಾ ಶುರು ಮಾಡೋಳು ನೀನೇ” ಎನ್ನುವನು ಅವನು.

ಎದುರಿನ ಕುರ್ಚಿಯಲ್ಲಿ ಕರಡು ತಿದ್ದುವವನು ವಯಸ್ಸಿನಲ್ಲಿ ಕಿರಿಯ. ಬಾಯಿ ತೆರೆದರೆ ಅಕ್ಕ. ಅವನ ಅಪ್ಪ ಆಸ್ಪತ್ರೆ ಸೇರಿದಾಗ ಅವನ ಕೆಲಸವನ್ನೂ ತಾನೇ ಮಾಡಿ, ರಜೆ ಹೋಗದಂತೆ ನೋಡಿಕೊಂಡವಳು ಇವಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು.

ಆ ಕೆಲಸದ ಮರ್ಮವೊಂದಿದೆ. ಅರ್ಥಕ್ಕೆ ಮನಸ್ಸು ಕೊಟ್ಟರೆ ಅಕ್ಷರ ಕೈಬಿಟ್ಟುಹೋಗುತ್ತದೆ. ಇಲ್ಲದ ಪದವನ್ನು ಮನಸ್ಸೇ ತುಂಬಿಸಿಕೊಂಡು ಓದಿಬಿಡುತ್ತದೆ. ಅದಕ್ಕೇ ಪಳಗಿದವರು ಅರ್ಥವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಬರುತ್ತಾರೆ. ಯಾರಿಗೋ ಬಡ್ತಿ, ಯಾವುದಕ್ಕೋ ತೆರಿಗೆ, ಎಲ್ಲವೂ ಅವಳ ನಾಲಗೆ ದಾಟಿಯೇ ಹೋಗಿದ್ದವು. ತಲೆಗೆ ಒಂದೂ ಹತ್ತಿರಲಿಲ್ಲ. ಹಾಗೆಯೇ ಒಂದು ದಿನ, “ಮೂಲಪ್ರತಿ ವಾಚಕರ ಹುದ್ದೆಗಳನ್ನು ಕಾಮಾ ಹಂತಹಂತವಾಗಿ ಕಾಮಾ ರದ್ದುಪಡಿಸಲಾಗಿದೆ ಚುಕ್ಕಿ” ಎಂದೂ ಓದಿದಳು. ಮೂಲಪ್ರತಿ ವಾಚಕ ಎಂದರೆ ಅವಳದೇ ಹುದ್ದೆ. ಆದರೆ ಕಾಗದದ ಆ ಹೆಸರಿನಿಂದ ಅವಳನ್ನು ಯಾರು ತಾನೇ ಕರೆದಿದ್ದರು? ತನ್ನ ಅನ್ನ ಕಸಿಯುವ ಸಾಲನ್ನು ಕಾಮಾ ಸಮೇತ ಓದಿ ಪುಟ ತಿರುಗಿಸಿದಳು. ಎದುರಿನವನ ಪೆನ್ನು ಮಾತ್ರ ಗಕ್ಕನೆ ನಿಂತಿತು.

“ಯಾಕಪ್ಪಾ, ತಪ್ಪಿದೆಯಾ?”

“ಇಲ್ಲ ಅಕ್ಕ, ಸರಿಯಾಗಿದೆ. ಮುಂದೆ ಓದಿ.”

ಕೆಲವು ತಿಂಗಳಾದ ಮೇಲೆ ಅವಳನ್ನು ಕೆಲಸದಿಂದ ಬಿಡುಗಡೆ ಮಾಡಿದ ಆದೇಶ ಕೈಗೆ ಬಂತು. ಆಗಲೇ ಅವಳಿಗೆ ತಿಳಿದದ್ದು. ಪಿಂಚಣಿಗೆ ಬೇಕಾದಷ್ಟು ಸೇವೆ ತುಂಬಿರಲಿಲ್ಲ. ಗಂಡನ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಿಕೊಡಲೂ ಅವಳೇ ಬೇಕಾಗಿತ್ತು. ಬೇರೆ ಮುದ್ರಣಾಲಯಗಳ ಓದುವವರು ಕೂಡಲೇ ನ್ಯಾಯಮಂಡಳಿಗೆ ಹೋದರು: ಹುದ್ದೆ ತೆಗೆದರೆ ತೆಗೆಯಿರಿ, ನಮ್ಮನ್ನು ಬೇರೆ ಇಲಾಖೆಗೆ ಸೇರಿಸಿ ಎಂದು. ಇವಳೂ ಹೊರಟಳು. ತಡೆದವನು ಆ ಕರಡು ತಿದ್ದುವವನೇ.

“ಕೋರ್ಟು ಹತ್ತಿದ್ರೆ ಮೇಲಿನವರು ಹಟಕ್ಕೆ ಬೀಳ್ತಾರೆ ಅಕ್ಕ. ನಾನು ಸಾಹೇಬ್ರ ಹತ್ರ ಮಾತಾಡ್ತಿದೀನಿ. ಸ್ವಲ್ಪ ತಡ್ಕೊಳ್ಳಿ.”

ತಾಳಿದವನು ಬಾಳಿಯಾನು ಎನ್ನುತ್ತಾರಲ್ಲ, ತಾಳಿದಳು. ಕೇಳಿದಾಗಲೆಲ್ಲ “ಫೈಲು ಮೇಲೆ ಹೋಗಿದೆ” ಎಂಬ ಉತ್ತರ. “ಇಷ್ಟೊತ್ತಿಗೆ ಅದು ಸ್ವರ್ಗಾನೇ ಸೇರಿರ್ಬೇಕು ಬಿಡು” ಎಂದ ಗಂಡ, ಕೊನೆಗೆ ತಾನೇ ಕರೆದೊಯ್ದು ವಕೀಲೆಯ ಮುಂದೆ ಕೂರಿಸಿದ.

“ಒಂದು ವರ್ಷದ ಗಡುವು ಇರುತ್ತಮ್ಮ,” ಎಂದರು ವಕೀಲೆ. “ಬಿಡುಗಡೆ ಆದೇಶ ಕೈಗೆ ಬಂದ ದಿನದಿಂದ ಎಣಿಸಿದ್ರೆ ನಾವಿನ್ನೂ ಒಳಗೇ ಇದೀವಿ. ಮೊದಲೇ ಗೊತ್ತಿತ್ತು ಅಂತ ಅವರು ತೋರಿಸಿದ್ರೆ ಮಾತ್ರ ಕಷ್ಟ.”

“ನನಗೆಲ್ಲಿ ಗೊತ್ತಿತ್ತು?” ಎಂದಳು. ಅದು ನಿಜವೂ ಆಗಿತ್ತು.

ವಿಚಾರಣೆಯ ದಿನ ಸರ್ಕಾರಿ ವಕೀಲರು ಎದ್ದು ನಿಂತರು. “ಸ್ವಾಮಿ, ಹುದ್ದೆ ರದ್ದು ಮಾಡಿದ ಆದೇಶ ಗೆಜೆಟ್ಟಿನಲ್ಲಿ ಅಚ್ಚಾದ ದಿನವೇ ಇವರಿಗೆ ಗೊತ್ತಿತ್ತು. ಅದನ್ನ ಗಟ್ಟಿಯಾಗಿ ಓದಿದವರೇ ಇವರು. ಎದುರು ಕೂತು ಕೇಳಿದವರ ಅಫಿಡವಿಟ್ ಇದೆ. ಗಡುವು ಯಾವಾಗಲೋ ಮೀರಿದೆ.”

ಎದುರು ಕೂತು ಕೇಳಿದವನು ಲೋಕದಲ್ಲಿ ಒಬ್ಬನೇ. ಅವನು ಹಿಂದಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕೂತಿದ್ದ. ಬೇರೊಂದು ಇಲಾಖೆಯಲ್ಲಿ ಅವನಿಗೆ ಮೇಲ್ವಿಚಾರಕನ ಹುದ್ದೆ ಸಿಕ್ಕಿದ್ದು ಅವಳಿಗೆ ಗೊತ್ತಾದದ್ದೂ ಆ ಅಫಿಡವಿಟ್ಟಿನ ಮೊದಲ ಸಾಲಿನಿಂದಲೇ. ಸಾಹೇಬರ ಹತ್ತಿರ ಮಾತಾಡಿದ್ದೇನೋ ನಿಜ. ಯಾರ ಪರವಾಗಿ ಎಂಬುದನ್ನಷ್ಟೇ ಮಹಾಶಯ ಹೇಳಿರಲಿಲ್ಲ. ಉಂಡ ಮನೆಗೆ ಎರಡು ಬಗೆಯುವವರು ಇದ್ದಾರೆಂದು ಕೇಳಿದ್ದಳು. ಉಂಡ ಡಬ್ಬಿ ತನ್ನದೇ ಆಗಿರುತ್ತದೆಂದು ಎಣಿಸಿರಲಿಲ್ಲ.

“ಏನಮ್ಮಾ, ಇದನ್ನ ನೀವೇ ಓದಿದ್ದು ನಿಜಾನಾ?” ಎಂದು ನ್ಯಾಯಾಧೀಶರು ಕೇಳಿದರು.

“ನಿಜ ಸ್ವಾಮಿ. ಓದಿದೆ. ಆದ್ರೆ ಗೊತ್ತಾಗ್ಲಿಲ್ಲ.”

ಕೋಣೆಯೆಲ್ಲ ನಕ್ಕಿತು. ಅವಳ ವಕೀಲೆ ಹಣೆಗೆ ಕೈಯಿಟ್ಟರು. “ಓದೋದಕ್ಕೇ ಸಂಬಳ ತಗೊಂಡವರು ಸ್ವಾಮಿ ಇವರು!” ಎಂದು ಸರ್ಕಾರಿ ವಕೀಲರು ಉಪ್ಪು ಖಾರ ಹಚ್ಚಿದರು. ಹಾಗೂ ಉಂಟು, ಓದಿಯೂ ತಿಳಿಯದಿರುವುದು ಉಂಟು ಎಂದು ಬಲ್ಲವನು ಅಲ್ಲಿ ಒಬ್ಬನಿದ್ದ. ಎದ್ದು ಅದೊಂದು ಮಾತು ಹೇಳಪ್ಪಾ ಎಂದು ಅವಳು ಹಿಂತಿರುಗಿ ಕಣ್ಣಲ್ಲೇ ಬೇಡಿದಳು. ಅಷ್ಟೆಲ್ಲ ಆದ ಮೇಲೂ ಬೇಡಿದಳು! ಅವನು ತೋಳಿನ ಗುಂಡಿಯನ್ನು ಬಿಚ್ಚಿ, ಮತ್ತೆ ಹಾಕಿಕೊಂಡ.

ಅರ್ಜಿ ವಜಾ ಆಯಿತು, ತಡವಾಯಿತೆಂಬ ಒಂದೇ ಕಾರಣಕ್ಕೆ. ಮೊದಲೇ ಹೋಗಿದ್ದವರಿಗೆಲ್ಲ ಬೇರೆ ಬೇರೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು.

ಹೊರಗೆ ಮೆಟ್ಟಿಲ ಬಳಿ ಅವನು ಕಾದು ನಿಂತಿದ್ದ. “ಅಕ್ಕಾ, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬರೆದುಕೊಡದಿದ್ರೆ ನನ್ನನ್ನೂ ತೆಗೀತಿದ್ರು. ನನಗೂ ಹೆಂಡತಿ ಮಕ್ಕಳಿದಾರೆ. ಅಕ್ಕಾ, ನಿಂತ್ಕೊಳ್ಳಿ ಒಂದ್ನಿಮಿಷ...”

ಅವಳು ನಿಂತಳು. ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

“ಅಕ್ಕಾ ಅಂತ ಇಲ್ಲಿ ಯಾರೂ ಇಲ್ಲಪ್ಪಾ,” ಎಂದಳು. “ಆ ಹುದ್ದೇನೂ ರದ್ದಾಯ್ತು.”